ಕ್ರೋಮಿಯಂನ ಆ ಸಣ್ಣ ಉಬ್ಬು ಕೊನೆಗೂ ಸಿಕ್ಕಿತು

ಹೀಲಿಯಂನಿಂದ ತಣಿಸುವ ಕ್ರಯೋಸ್ಟಾಟ್ ಬೇಡ, ಬರೀ ಪೆಲ್ಟಿಯರ್ (ಕರೆಂಟ್ ಹರಿಸಿದರೆ ಬಿಸಿ ಇಲ್ಲವೇ ತಣ್ಣಗಾಗುವ ಪ್ಲೇಟ್) ಮೇಲೆ ಕೂರಿಸಿ ಕ್ರೋಮಿಯಂನ ನೀಲ್ ತಿರುವನ್ನು ಅಳೆಯುತ್ತೇನೆ ಅಂದಾಗ ಜೊತೆಯವರು ಯಾರೂ ನಂಬಲಿಲ್ಲ. ನೀಲ್ ತಿರುವು ಅಂದರೆ ತಣ್ಣಗಾಗುವಾಗ ಎಲೆಕ್ಟ್ರಾನ್‌ಗಳ ಸ್ಪಿನ್‌ಗಳು (ಪುಟ್ಟ ಅಯಸ್ಕಾಂತಗಳಂತೆ ಅಂದುಕೊಳ್ಳಿ) ಒಂದಕ್ಕೊಂದು ಎದುರುಬದುರಾಗಿ ಸಾಲಾಗುವ ತಾಪಮಾನ; ರೆಸಿಸ್ಟೆನ್ಸ್ ಗ್ರಾಫಿನಲ್ಲಿ ಅಲ್ಲೊಂದು ಸಣ್ಣ ಉಬ್ಬು ಕಾಣುತ್ತದೆ. "ಅದು ನಾಯ್ಸ್‌ನಲ್ಲೇ ಮುಳುಗಿ ಹೋಗುತ್ತೆ ಬಿಡಿ" ಅಂದರು. ಈಗ ಆ ಗ್ರಾಫ್ ಲ್ಯಾಬಿನ ಗೋಡೆಯ ಮೇಲಿದೆ.

ಆ ತಿರುವು ಬರುವುದು 311 ಕೆಲ್ವಿನ್‌ನಲ್ಲಿ, ಅಂದರೆ 38 ಡಿಗ್ರಿ. ಅದಕ್ಕೆ ಹೀಲಿಯಂ ಯಾಕೆ ಬೇಕು, ಅಲ್ವಾ? ಮೊದಲ ವರ್ಷ ನನಗಿದು ಹೊಳೆಯಲೇ ಇಲ್ಲ. ಆ ವರ್ಷದ ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಸುಮ್ನೆ ಹೀಲಿಯಂಗೇ ಹೋಯಿತು.

ಮೊದಲು ಸ್ಪಟರ್ ಮಾಡಿದ (ಲೋಹವನ್ನು ಕಣಕಣವಾಗಿ ಕೂರಿಸಿದ) ತೆಳು ಫಿಲ್ಮ್ ತೆಗೆದುಕೊಂಡೆ. ರೆಸಿಸ್ಟೆನ್ಸ್ ಜಾಸ್ತಿ, ಅಳೆಯುವುದು ಸುಲಭ ಅಂತ ಲೆಕ್ಕ. ಉಬ್ಬಿನ ಸುಳಿವೇ ಇಲ್ಲ. ಫಿಲ್ಮ್ ಒಳಗಿನ ಎಳೆತ ತಿರುವನ್ನೇ ಅಳಿಸಿತ್ತು. ಆಮೇಲೆ ಗಟ್ಟಿ ತುಂಡಿನಿಂದ ಕಡ್ಡಿ ಕತ್ತರಿಸಿದೆ. ಐದಾರು ಕಡ್ಡಿ ಕೈಯಲ್ಲೇ ಮುರಿದವು. ಉಳಿದವುಗಳಲ್ಲೂ ಉಬ್ಬು ಹರಡಿಕೊಂಡಿತ್ತು, ಕತ್ತರಿಸಿದ ಪೆಟ್ಟು ಒಳಗೇ ಉಳಿದಿತ್ತು. ವ್ಯಾಕ್ಯೂಮ್‌ನಲ್ಲಿ 1000 ಡಿಗ್ರಿ ಆಸುಪಾಸು ಎರಡು ದಿನ ಕಾಯಿಸಿ, ನಿಧಾನವಾಗಿ ಆರಿಸಿದ ಮೇಲೇ ಸರಿಹೋಯಿತು. ನಡುವೆ ಫರ್ನೇಸಿನ ಕಾಯಿಲ್ ಸುಟ್ಟು ಮತ್ತೊಂದು ಖರ್ಚು.

ಕಡ್ಡಿ ಸುಮಾರು ಒಂದು ಮಿಲಿಓಮ್. 100 ಮಿಲಿಆಂಪ್ ಹರಿಸಿದರೆ ಸಿಗುವುದು 100 ಮೈಕ್ರೋವೋಲ್ಟ್. ಉಬ್ಬು ಅದರಲ್ಲಿ ಒಂದು ಮೈಕ್ರೋವೋಲ್ಟಿನಷ್ಟು. ಎರಡು ತುದಿಯ ಬಿಸಿ ಚೂರು ಬೇರೆಯಾದರೂ ಥರ್ಮಲ್ ವೋಲ್ಟೇಜ್ ಅದನ್ನು ನುಂಗುತ್ತದೆ. ಅದಕ್ಕೇ ಸೆಕೆಂಡಿಗೊಮ್ಮೆ ಕರೆಂಟ್ ದಿಕ್ಕು ತಿರುಗಿಸಿದೆ (ಥರ್ಮಲ್ ವೋಲ್ಟೇಜ್ ಅದರ ಜೊತೆ ತಿರುಗುವುದಿಲ್ಲ, ಹಾಗಾಗಿ ಕಳೆದುಹಾಕಬಹುದು), ನಿಮಿಷಕ್ಕೆ 0.1 ಡಿಗ್ರಿಯಂತೆ ಇಳಿಸಿದೆ. ತಂತಿ ಅಂಟಿಸಲು ಸಿಲ್ವರ್ ಪೇಸ್ಟ್ ಆಕ್ಸೈಡ್ ಮೇಲೆ ನಿಲ್ಲುವುದಿಲ್ಲ, ಸ್ಪಾಟ್ ವೆಲ್ಡ್ ಮಾಡಿ. ವೆಲ್ಡ್‌ಗೆ ಮುಂಚೆ ಮೇಲ್ಮೈಗೆ ನಾನು ಮಾಡುವ ಒಂದು ಕೆಲಸ ಇದೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಕೊನೆಗೆ ಒಂದು ರಾತ್ರಿ ರೆಸಿಸ್ಟೆನ್ಸ್ ಇಳಿಯುತ್ತಾ ಬಂದು, 38ರ ಹತ್ತಿರ ನಿಂತು, ಮೇಲಕ್ಕೆ ತಿರುಗಿತು. ಲೋಹ ತಣ್ಣಗಾಗುತ್ತಿದೆ, ರೆಸಿಸ್ಟೆನ್ಸ್ ಏರುತ್ತಿದೆ! ಸ್ಪಿನ್ ಸಾಂದ್ರತೆಯ ಅಲೆ (ಸ್ಪಿನ್‌ಗಳ ಏರಿಳಿತದ ವಿನ್ಯಾಸ) ಕಟ್ಟಿಕೊಂಡು ಫರ್ಮಿ ಮೇಲ್ಮೈಯ, ಅಂದರೆ ಕರೆಂಟ್ ಹೊರುವ ಎಲೆಕ್ಟ್ರಾನ್‌ಗಳ ಶಕ್ತಿಯ ಗಡಿಯ, ಒಂದು ಭಾಗದಲ್ಲಿ ಗ್ಯಾಪ್ ತೆರೆದಿತ್ತು. ಅಲ್ಲಿನ ಎಲೆಕ್ಟ್ರಾನ್‌ಗಳು ಇನ್ನು ಕರೆಂಟಿಗೆ ಸಿಗುವುದಿಲ್ಲ. ಇನ್ನಷ್ಟು ತಣಿಸಿದಾಗ ಗೆರೆ ಮತ್ತೆ ಇಳಿಯಿತು. ಮೂರು ಸಲ ಏರಿಸಿ ಇಳಿಸಿದೆ, ಮೂರು ಸಲವೂ ಅದೇ ಜಾಗ.

ಅದೇ ಪೆಲ್ಟಿಯರ್ ಮೇಲೆ ಗ್ಯಾಡೊಲಿನಿಯಂ ಕೂರಿಸಿಯೂ ನೋಡಿದೆ. ಅದರ ಕ್ಯೂರಿ ತಾಪಮಾನ, ಅಂದರೆ ಅದು ಅಯಸ್ಕಾಂತವಾಗುವ ತಾಪಮಾನ, 20 ಡಿಗ್ರಿ. ಪಾಲಿಕ್ರಿಸ್ಟಲ್ (ಹಲವು ಸಣ್ಣ ಹರಳುಗಳಿಂದಾದ) ತುಂಡಿನಲ್ಲಿ ಉಬ್ಬಿಲ್ಲ, ಗೆರೆಯ ಓರೆ ಮಾತ್ರ ಮುರಿಯುತ್ತದೆ. 20ರ ಕೆಳಗೆ ಸ್ಪಿನ್‌ಗಳು ಸಾಲಾಗುತ್ತಾ ಹೋದಂತೆ ಎಲೆಕ್ಟ್ರಾನ್ ಚದುರುವುದು ಬೇಗ ಬೇಗ ಕಡಿಮೆಯಾಗುತ್ತದೆ. ಎರಡೂ ಗ್ರಾಫ್ ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಎದ್ದು ಕಾಣುತ್ತದೆ.

ನೂರಕ್ಕೆ ಒಂದು ಪಾಲು ವನೇಡಿಯಂ ಬೆರೆಸಿದ ಕ್ರೋಮಿಯಂ ಈಗ ಫರ್ನೇಸಿನಲ್ಲಿದೆ. ಅದರ ತಿರುವು ಪೆಲ್ಟಿಯರ್ ಮುಟ್ಟದಷ್ಟು ಕೆಳಗಿಳಿಯುತ್ತದೆ. ಅದಕ್ಕೂ ಹೀಲಿಯಂ ಬೇಡ, ದ್ರವ ನೈಟ್ರೋಜನ್ ಸಾಕು.