ಚಿಂತಿಸುವ ಓದುಗರಿಗಾಗಿ ವೈಜ್ಞಾನಿಕ ಕಾದಂಬರಿಗಳನ್ನು ನಾನು ಆರಿಸಿದ ಬಗೆ

ಚಿಕ್ಕಮಗಳೂರಿನ ನಮ್ಮ ಓದುಗರ ಬಳಗಕ್ಕೆ ವೈಜ್ಞಾನಿಕ ಕಾದಂಬರಿಗಳನ್ನು ಆರಿಸುವ ಹೊಣೆ ನನ್ನ ಪಾಲಿಗೆ ಬಂದಾಗ, ಬಹುಮಾನಗಳ ಪಟ್ಟಿಯನ್ನು ಬದಿಗಿಟ್ಟು ಒಂದೇ ಪ್ರಶ್ನೆಯನ್ನು ಅಳತೆಗೋಲಾಗಿ ಇಟ್ಟುಕೊಂಡೆ: ಲೋಕದ ಒಂದು ನಿಯಮವನ್ನು ಬದಲಿಸಿದ ಲೇಖಕರು, ಅದರ ಪರಿಣಾಮವನ್ನು ಮನುಷ್ಯರ ಬಾಳಿನೊಳಗೆ ಕೊನೆಯವರೆಗೂ ಬೆನ್ನಟ್ಟಿದ್ದಾರೆಯೇ? ಯಂತ್ರಗಳ ವರ್ಣನೆಯಲ್ಲೇ ಮುಗಿಯುವ ಪುಸ್ತಕಗಳನ್ನು ಕೈಬಿಟ್ಟೆ.

ಮೊದಲು ಓದಿದ್ದು ನಮ್ಮದೇ ಜಿಲ್ಲೆಯ ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980). ಅದನ್ನು ವೈಜ್ಞಾನಿಕ ಕಾದಂಬರಿ ಎನ್ನಲು ಕೆಲವರು ಒಪ್ಪುವುದಿಲ್ಲ. ಆದರೆ ಹಾರುವ ಓತಿಯ ಹುಡುಕಾಟದ ನೆಪದಲ್ಲಿ ವಿಕಾಸದ ಅಗಾಧ ಕಾಲವನ್ನು ಕಣ್ಣಮುಂದೆ ತರುವ ಆ ಕೃತಿಯನ್ನು ಓದಿದವರಿಗೆ, ಎಚ್.ಜಿ. ವೆಲ್ಸ್‌ರ ‘ದಿ ಟೈಮ್ ಮಷಿನ್’ (1895) ಕರೆದೊಯ್ಯುವ 802701ನೆಯ ಇಸವಿ ಅಪರಿಚಿತವೆನಿಸುವುದಿಲ್ಲ. ನಮ್ಮಲ್ಲಿ ಅತಿ ಹೆಚ್ಚು ಚರ್ಚೆಯಾದದ್ದೂ ವೆಲ್ಸ್ ಕೃತಿಯೇ. ಉಳ್ಳವರ ಸಂತತಿ ನೆಲದ ಮೇಲೆ ಸುಖದಲ್ಲಿ ಕೃಶವಾಗಿ, ದುಡಿಯುವವರ ಸಂತತಿ ನೆಲದಡಿಗೆ ಇಳಿದು ಎರಡು ಬೇರೆ ಜೀವಿಗಳೇ ಆಗಿಬಿಡುವ ಆ ಕಲ್ಪನೆಯನ್ನು, ಎಸ್ಟೇಟ್ ಬಂಗಲೆ ಮತ್ತು ಲೈನ್ ಮನೆಗಳೆರಡನ್ನೂ ನೋಡುತ್ತ ಬೆಳೆದ ನಾವು ದೂರದ ಇಂಗ್ಲೆಂಡಿನ ಕಥೆಯೆಂದು ಓದಲಾಗಲಿಲ್ಲ.

ಮೇರಿ ಶೆಲ್ಲಿಯವರ ‘ಫ್ರಾಂಕನ್‌ಸ್ಟೈನ್’ (1818) ಬಗ್ಗೆ ನಾನು ಎಲ್ಲರಿಗೂ ಹೇಳುವುದು ಇಷ್ಟೇ: ಸಿನಿಮಾಗಳನ್ನು ಮರೆತು, ಸೃಷ್ಟಿಯಾದ ಜೀವಿ ತಾನೇ ಮಾತನಾಡುವ ನಡುವಿನ ಅಧ್ಯಾಯಗಳನ್ನು ಗಮನಿಸಿ. ಗೋಡೆಯಾಚೆಗಿನ ಕುಟುಂಬದ ಮಾತುಗಳನ್ನು ಕದ್ದು ಕೇಳಿ ಭಾಷೆ ಕಲಿಯುವ ಆ ಜೀವಿಯನ್ನು ಹುಟ್ಟಿಸಿದವನೇ ತೊರೆದದ್ದು ಕಾದಂಬರಿಯ ನಿಜವಾದ ಅಪರಾಧವೆಂದು ನಾನು ನಂಬಿದ್ದೇನೆ.

ಸ್ತಾನಿಸ್ಲಾವ್ ಲೆಮ್‌ರ ‘ಸೋಲಾರಿಸ್’ (1961) ಕಷ್ಟದ ಓದು. ಇಡೀ ಗ್ರಹವನ್ನು ಆವರಿಸಿದ, ಜೀವವಿರುವ ಸಾಗರವನ್ನು ತಲೆಮಾರುಗಳ ವಿಜ್ಞಾನಿಗಳು ಅಭ್ಯಸಿಸಿದರೂ ಅದು ಅರ್ಥಕ್ಕೆ ಸಿಗುವುದಿಲ್ಲ. ಇಂಗ್ಲಿಷಿನಲ್ಲಿ ಓದುವವರು, ಫ್ರೆಂಚ್ ಮೂಲಕ ಬಂದ ಹಳೆಯ ಅನುವಾದಕ್ಕಿಂತ, ಪೋಲಿಷ್‌ನಿಂದಲೇ ಬಿಲ್ ಜಾನ್‌ಸ್ಟನ್ ಮಾಡಿದ ಅನುವಾದವನ್ನು ಹುಡುಕುವುದು ಲೇಸು.

ಅರ್ಸುಲಾ ಲೆ ಗ್ವಿನ್‌ರ ‘ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’ (1969) ಕಾದಂಬರಿಯನ್ನು ಬೇಕೆಂದೇ ಕೊನೆಗೆ ಇಟ್ಟೆ. ಅಲ್ಲಿನ ಜನ ಸ್ಥಿರವಾಗಿ ಹೆಣ್ಣೂ ಅಲ್ಲ, ಗಂಡೂ ಅಲ್ಲ. ಈ ಒಂದು ಬದಲಾವಣೆಯಿಂದ ಅಲ್ಲಿನ ರಾಜಕಾರಣ, ಬಸಿರು, ನಂಟುಗಳೆಲ್ಲವೂ ಬೇರೆಯಾಗುತ್ತವೆ. ಮೊದಲ ಅಧ್ಯಾಯಗಳಲ್ಲಿ ಅಪರಿಚಿತ ಹೆಸರುಗಳು ಕಾಡುವುದರಿಂದ, ಹೊಸ ಓದುಗರು ಎದೆಗುಂದದೆ, ಹಿಮಬಯಲನ್ನು ಇಬ್ಬರೇ ದಾಟುವ ಭಾಗದವರೆಗಾದರೂ ಓದಲಿ ಎಂಬುದು ನನ್ನ ಕೋರಿಕೆ.