ಹಾಸನದಿಂದ ಅನಿಮೆ ಹಬ್ಬಕ್ಕೆ ಹೊರಟವರಿಗೆ

ಬೆಂಗಳೂರಿನ ವೈಟ್‌ಫೀಲ್ಡ್ ಕಡೆ ಅನಿಮೆ, ಅಂದರೆ ಜಪಾನಿನ ಕಾರ್ಟೂನ್ ಚಿತ್ರಗಳ, ಕಾರ್ಯಕ್ರಮ ಇದ್ದರೆ ರೈಲಲ್ಲಿ ಯಶವಂತಪುರಕ್ಕೆ ಹೋಗಿ. ಅಲ್ಲಿಂದ ಹಸಿರು ಮೆಟ್ರೋ, ಮೆಜೆಸ್ಟಿಕ್‌ನಲ್ಲಿ ನೇರಳೆಗೆ ಬದಲಿಸಿ. ಬಸ್ಸಲ್ಲಿ ಕಾಸ್‌ಪ್ಲೇ, ಅಂದರೆ ಪಾತ್ರಗಳ ವೇಷದ, ಸಾಮಾನು ಉಳಿಯಲ್ಲ. ನನ್ನ ತಮ್ಮನ ಥರ್ಮಾಕೋಲ್ ಕತ್ತಿ ಚನ್ನರಾಯಪಟ್ಟಣ ದಾಟುವಷ್ಟರಲ್ಲಿ ಎರಡು ತುಂಡಾಗಿತ್ತು, ಪಾಪ!

ಸೇಯೂ, ಅಂದರೆ ಪಾತ್ರಗಳಿಗೆ ದನಿ ಕೊಡುವವರು, ಬರುತ್ತಿದ್ದರೆ ಒಳಗೆ ಹೋದ ತಕ್ಷಣ ಸಹಿ ಟೋಕನ್ ಎಲ್ಲಿ ಕೊಡುತ್ತಾರೆ ಕೇಳಿ. ಅಂಗಡಿ ಸುತ್ತೋದು ಆಮೇಲೆ. ಸಹಿಗೆ ನೋಟ್‌ಬುಕ್ ಹಾಳೆ ಚಾಚಬೇಡಿ, ಚೆನ್ನಾಗಿರಲ್ಲ. ಜಪಾನಿನಲ್ಲಿ ಶಿಕಿಶಿ ಅನ್ನುವ ದಪ್ಪ ರಟ್ಟಿನ ಮೇಲೆ ಹಾಕಿಸಿಕೊಳ್ಳುತ್ತಾರೆ. ಸುಮಾರು 24 × 27 ಸೆಂ.ಮೀ. ಡ್ರಾಯಿಂಗ್ ಶೀಟನ್ನು ರಟ್ಟಿಗೆ ಅಂಟಿಸಿ ಅದೇ ಅಳತೆಗೆ ಕತ್ತರಿಸಿಕೊಂಡರೆ ಸಾಕು. ಮಾರ್ಕರ್ ಇಂಕು ಒಣಗುವವರೆಗೂ ಕೈಯಲ್ಲೇ ಹಿಡಿದಿರಿ.

ರಾತ್ರಿ ಗಾನಗೋಷ್ಠಿಯಲ್ಲಿ ಪೆನ್‌ಲೈಟನ್ನು (ಕೈಯಲ್ಲಿ ಹಿಡಿಯುವ ದೀಪದ ಕಡ್ಡಿ) ಎದೆಮಟ್ಟಕ್ಕೇ ಬೀಸಿ, ಹಿಂದಿನವರಿಗೂ ವೇದಿಕೆ ಕಾಣಬೇಕಲ್ವಾ? ವಾಪಸ್ ಟಿಕೆಟ್ ಮಾತ್ರ ಮೊದಲೇ ಮಾಡಿಸಿಡಿ.