ಸೈಕಾಲಜಿಯಲ್ಲಿ ಡಾಕ್ಟರೇಟ್ ಮಾಡ್ಬೇಕಾ? ಮೊದಲು ಲೈಸೆನ್ಸ್ ಮಾತು ಮುಗಿಸಿ

ಎಂಎಸ್ಸಿ ಸೈಕಾಲಜಿ ಆಯಿತು, ಇನ್ನೊಂದು ಪಿಎಚ್‌ಡಿ ಮಾಡಿಬಿಟ್ಟರೆ ಮಡಿಕೇರಿಯಲ್ಲಿ ಕ್ಲಿನಿಕ್ ಇಡಬಹುದು ಅಂತ ಲೆಕ್ಕ ಹಾಕಿದ್ದರೆ ಸ್ವಲ್ಪ ತಡೆಯಿರಿ. ಹೆಸರಿನ ಹಿಂದೆ 'ಡಾ.' ಬರುವುದು ಬೇರೆ, ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಹಾಕುವುದು ಬೇರೆ. ನಮ್ಮಲ್ಲಿ ಬೋರ್ಡ್ ಹಾಕಲು ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಅದು ಸಿಗುವುದು ಆರ್‌ಸಿಐ ಒಪ್ಪಿದ ಕೋರ್ಸ್ ಮಾಡಿ, ಆಸ್ಪತ್ರೆಯಲ್ಲಿ ಸೀನಿಯರ್‌ಗಳ ಕಣ್ಣೆದುರಿಗೆ ರೋಗಿಗಳ ಜೊತೆ ಕೂತು ಕಲಿತವರಿಗೆ. ಬರೀ ಸೈಕಾಲಜಿ ಪಿಎಚ್‌ಡಿಗೆ ಅದು ಬರುವುದಿಲ್ಲ.

ಇದು ಗೊತ್ತಿಲ್ಲದೆ ನಾನೇ ಒಂದು ವರ್ಷ ಕಳೆದುಕೊಂಡೆ. 'ಸರ್ಕಾರಿ ಮಾನ್ಯತೆ' ಅಂತ ಜಾಹೀರಾತು ನೋಡಿ ಒಂದು ಡಿಪ್ಲೊಮಾಕ್ಕೆ ಸೇರಿದೆ, ಫೀಸೂ ಕಟ್ಟಿದೆ. ಮಾನ್ಯತೆ ಇದ್ದದ್ದು ಸಂಸ್ಥೆಗೆ, ಕೋರ್ಸಿಗಲ್ಲ! ಆರ್‌ಸಿಐ ವೆಬ್‌ಸೈಟಿನಲ್ಲಿ ಕಾಲೇಜು, ಕೋರ್ಸು, ಯಾವ ಸಾಲಿನವರೆಗೆ ಅನುಮತಿ, ಎಲ್ಲ ಇರುತ್ತದೆ. ಐದು ನಿಮಿಷದ ಕೆಲಸ. ಫೀಸ್ ಕಟ್ಟುವ ಮೊದಲು ನೋಡಿ, ನನ್ನ ಹಾಗೆ ಆಮೇಲಲ್ಲ.

ಇಷ್ಟು ವರ್ಷ ದಾರಿ ಸರಳವಾಗಿತ್ತು: ಎಂಎ ಅಥವಾ ಎಂಎಸ್ಸಿ, ಆಮೇಲೆ ಎರಡು ವರ್ಷದ ಎಂಫಿಲ್ ಕ್ಲಿನಿಕಲ್ ಸೈಕಾಲಜಿ, ಬೇಕಿದ್ದರೆ ಪಿಎಚ್‌ಡಿ. ಈಗ ಅದು ಕಲಸುಮೇಲೋಗರ. ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ, 2022ರ ನಿಯಮದಲ್ಲಿ ಎಂಫಿಲ್ ನಿಲ್ಲಿಸಿತು, ಆದರೆ ಕ್ಲಿನಿಕಲ್ ಸೈಕಾಲಜಿ ಮತ್ತು ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್‌ಗೆ 2025-26ರ ಸಾಲಿನ ತನಕ ಬಿಟ್ಟುಕೊಟ್ಟಿತು. ಆರ್‌ಸಿಐ ಅದರ ಜಾಗಕ್ಕೆ ಎರಡು ವರ್ಷದ ಎಂಎ ಕ್ಲಿನಿಕಲ್ ಸೈಕಾಲಜಿ ತಂದಿದೆ. ಸೈ.ಡಿ. ಅನ್ನುವ ವೃತ್ತಿ ಡಾಕ್ಟರೇಟೂ ಇದೆ, ಅದರಲ್ಲಿ ಥೀಸಿಸ್‌ಗಿಂತ ರೋಗಿಗಳ ಜೊತೆಗಿನ ಕೆಲಸ ಜಾಸ್ತಿ. ಕ್ಲಿನಿಕ್ಕೇ ಗುರಿಯಾದರೆ ಮೊದಲು ಇವುಗಳಲ್ಲಿ ನಿಮಗೆ ದಕ್ಕುವುದು ಯಾವುದು ನೋಡಿ. ಪಿಎಚ್‌ಡಿ ಎಲ್ಲೂ ಓಡಿಹೋಗುವುದಿಲ್ಲ.

ಸಂಶೋಧನೆ, ಪಾಠ ಇಷ್ಟ ಅನ್ನುವವರಿಗೆ ಪಿಎಚ್‌ಡಿ ಸರಿ. ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಪಿಜಿಯಲ್ಲಿ ಸಾಮಾನ್ಯ ವರ್ಗಕ್ಕೆ 55 ಪರ್ಸೆಂಟ್ ಬೇಕು. ವರ್ಷಕ್ಕೆ ಎರಡು ಸಲ ನಡೆಯುವ ನೆಟ್, ಅಂದರೆ ರಾಷ್ಟ್ರೀಯ ಅರ್ಹತಾ ಪರೀಕ್ಷೆ ಬರೆಯಿರಿ. 2024ರಿಂದ ನೆಟ್ ಅಂಕವನ್ನೇ ಬಹಳ ಕಡೆ ಪಿಎಚ್‌ಡಿ ಪ್ರವೇಶಕ್ಕೆ ಬಳಸುತ್ತಿದ್ದಾರೆ. ಜೆಆರ್‌ಎಫ್, ಅಂದರೆ ನೆಟ್‌ನಲ್ಲಿ ಮುಂದಿರುವವರಿಗೆ ಸಿಗುವ ಸಂಶೋಧನಾ ಫೆಲೋಶಿಪ್, ಬರದವರಿಗೆ ಅಂಕಕ್ಕೆ 70, ಸಂದರ್ಶನಕ್ಕೆ 30 ಪರ್ಸೆಂಟ್ ತೂಕ, ಆ ಅಂಕ ಒಂದೇ ವರ್ಷ ನಡೆಯುತ್ತದೆ. ಜೆಆರ್‌ಎಫ್ ಬಂದರೆ ತಿಂಗಳಿಗೆ 37,000 ರೂಪಾಯಿ, ಮನೆಯವರ ಹತ್ತಿರ ಕೈಚಾಚುವುದು ತಪ್ಪುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನದ್ದು ಬೇರೆಯೇ ಪ್ರವೇಶ ಪ್ರಕ್ರಿಯೆ, ಪೈಪೋಟಿ ಜೋರು. ನಮಗೆ ಹತ್ತಿರ ಅಂದರೆ ಮೈಸೂರು, ಮಾನಸಗಂಗೋತ್ರಿ.

ಇನ್ನು ಕೌನ್ಸೆಲರ್ ಎಜುಕೇಶನ್. ಇದು ಕೌನ್ಸೆಲರ್‌ಗಳನ್ನು ತಯಾರು ಮಾಡುವವರ ಓದು, ಅಮೆರಿಕದ್ದು. ಅಲ್ಲಿ ಕೌನ್ಸೆಲರ್ ಲೈಸೆನ್ಸಿಗೆ ಮಾಸ್ಟರ್ಸ್ ಸಾಕು. ಪಿಎಚ್‌ಡಿ ಮಾಡುವುದು ಪಾಠ, ಮೇಲ್ವಿಚಾರಣೆ, ಸಂಶೋಧನೆಗೆ. ಕೋರ್ಸಿಗೆ ಕಾಕ್ರೆಪ್, ಅಂದರೆ ಅಲ್ಲಿ ಕೌನ್ಸೆಲಿಂಗ್ ಕೋರ್ಸುಗಳನ್ನು ಪರಿಶೀಲಿಸುವ ಸಂಸ್ಥೆಯ ಮಾನ್ಯತೆ ಇದೆಯಾ ನೋಡಿ. ಅದೇ ದೇಶದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಡಾಕ್ಟರೇಟೇ ಬೇಕು, ಅಲ್ಲಿ ನೋಡಬೇಕಾದದ್ದು ಎಪಿಎ, ಅಂದರೆ ಅಮೆರಿಕನ್ ಸೈಕಾಲಾಜಿಕಲ್ ಅಸೋಸಿಯೇಷನ್ ಮಾನ್ಯತೆ, ಮತ್ತೆ ಒಂದು ವರ್ಷ ಇಂಟರ್ನ್‌ಶಿಪ್. ಅಲ್ಲಿನ ದುಡ್ಡಿನ ವಿಷಯ: ಪಿಎಚ್‌ಡಿಗೆ ಬಹಳ ಕಡೆ ಫೀಸ್ ಮಾಫಿ, ಸ್ಟೈಪೆಂಡ್ ಸಿಗುತ್ತದೆ. ಸೈ.ಡಿ.ಗೆ ಸಾಮಾನ್ಯವಾಗಿ ಕೈಯಿಂದಲೇ ಹಾಕಬೇಕು, ತೋಟ ಅಡ ಇಡುವಷ್ಟು. ಅರ್ಜಿಯ ಕೊನೆ ದಿನ ಹೆಚ್ಚಿನ ಕಡೆ ಡಿಸೆಂಬರ್‌ನಲ್ಲೇ ಬರುತ್ತದೆ, ಸರಿಯಾಗಿ ಅರೇಬಿಕಾ ಕೊಯ್ಲಿಗೆ. ಆಗ ಮನೆಯಲ್ಲಿ ನಿಮ್ಮನ್ನು ಯಾರೂ ಕುಳಿತು ಬರೆಯಲು ಬಿಡಲ್ಲ, ಆದ್ದರಿಂದ ಮಳೆಗಾಲದಲ್ಲೇ ಕರಡು ಮುಗಿಸಿ.

ವಿಷಯ ಆರಿಸುವುದರಲ್ಲಿ ನಮ್ಮವರು ಎಡವುತ್ತಾರೆ. 'ಒತ್ತಡ ಮತ್ತು ವಿದ್ಯಾರ್ಥಿಗಳು' ಅಂತ ಕಳಿಸಿದರೆ ಗೈಡ್ ಅಂಥದ್ದನ್ನೇ ಇಪ್ಪತ್ತು ನೋಡಿರುತ್ತಾರೆ. ಕೊಡಗಿನಲ್ಲೇ ಎಷ್ಟಿದೆ ನೋಡಿ. ಒಂದು ಲೈನ್‌ಮನೆಯಲ್ಲಿ, ಅಂದರೆ ತೋಟದ ಕಾರ್ಮಿಕರ ಸಾಲುಮನೆಯಲ್ಲಿ, ಅಜ್ಜಿಯೊಬ್ಬರಿಗೆ ನಾನು ಪ್ರಶ್ನಾವಳಿ ಓದಿ ಹೇಳುತ್ತಿದ್ದೆ. 'ನಿಮಗೆ ಆತಂಕ ಆಗುತ್ತದೆಯೇ?' ಅಂದರೆ ಇಲ್ಲ ಅಂದರು. ಸ್ವಲ್ಪ ಹೊತ್ತಾದ ಮೇಲೆ, ಕಾಫಿ ಲೋಟ ಕೆಳಗಿಟ್ಟು, 'ಆ ಮಳೆ ಶಬ್ದ ಶುರುವಾದರೆ ಎದೆ ಡವಡವ ಅಂತದೆ, ಬಾಗಿಲ ಹತ್ರನೇ ಮಲಗ್ತೀನಿ' ಅಂದರು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಅವರು ಮಕ್ಕಂದೂರು ಕಡೆ ಇದ್ದರಂತೆ. ನನ್ನ ಹಾಳೆಯಲ್ಲಿ ಮಾತ್ರ ಅವರಿಗೆ ಸೊನ್ನೆ ಅಂಕ. ಕೊಡವ ತಕ್ಕ್, ಅರೆಭಾಷೆ, ಯರವ ಭಾಷೆ ಆಡುವವರ ಹತ್ತಿರ ನಮ್ಮ ಪ್ರಶ್ನೆಗಳು ಎಲ್ಲಿ ಸೋಲುತ್ತವೆ ಅನ್ನುವುದೇ ಒಂದು ಒಳ್ಳೆ ಥೀಸಿಸ್.

ಗೈಡ್‌ಗೆ ಮೇಲ್ ಬರೆಯುವಾಗ ಅವರ ಒಂದೆರಡು ಲೇಖನ ನಿಜವಾಗಿ ಓದಿರಿ, ನಿಮ್ಮ ಪ್ರಶ್ನೆಯನ್ನು ಒಂದೇ ಪುಟದಲ್ಲಿ ಇಡಿ, ಸೀಟು ಖಾಲಿ ಇದೆಯಾ ಅಂತ ನೇರವಾಗಿ ಕೇಳಿ. ಎರಡು ವಾರ ಉತ್ತರ ಬರದಿದ್ದರೆ ಇನ್ನೊಮ್ಮೆ ಬರೆಯಿರಿ, ಅದರಲ್ಲಿ ನಾಚಿಕೆ ಏನಿಲ್ಲ. ಮತ್ತೆ ಅರ್ಜಿಯನ್ನು ಕೊನೇ ದಿನಕ್ಕೆ ಇಟ್ಟುಕೊಳ್ಳಬೇಡಿ. ಜುಲೈನಲ್ಲಿ ಮೂರು ದಿನ ಕರೆಂಟ್ ಇಲ್ಲದೆ, ನೆಟ್‌ವರ್ಕ್ ಸಿಗುವ ತಿರುವಿನಲ್ಲಿ ಕೊಡೆ ಹಿಡಿದು ನಿಂತು ನಾನು ಮಾರ್ಕ್ಸ್‌ಕಾರ್ಡ್ ಅಪ್‌ಲೋಡ್ ಮಾಡಿದ್ದೇನೆ, ಆಮೇಲೆ ನೋಡಿದರೆ ಹೋಗಿದ್ದು ತಮ್ಮನದು.